ಉಡಿಯಕ್ಕಿ

ಬಿಳಿ ಅಂಟುಪಟ್ಟಿಯ ತುಂಡೊಂದನ್ನು ಹರಿದು, ಅದರ ಮೇಲೆ ಕಪ್ಪು ಮಾರ್ಕರಿನಲ್ಲಿ ನೇಹಾ ಎಂದು ಇಂಗ್ಲಿಷಿನಲ್ಲಿ ಬರೆದು, ಲಾಕರಿನ ನೆತ್ತಿಗೆ ಅಂಟಿಸಿ, ಹಿಂದೆ ಸರಿದು ನೋಡಿದಾಗಲೇ ಪ್ರಗತಿಗೆ ತಾನು ಮಾಡಿದ್ದು ಎಂಥ ಹೆಡ್ಡತನ ಎಂಬುದು ಹೊಳೆದದ್ದು. ಸಾಲಿನಲ್ಲಿದ್ದ ಉಳಿದ ಹೆಸರುಗಳೆಲ್ಲ ಆಗಸ್ಟಿನಿಂದ ಬೆವರು, ಶವರಿನ ಹಬೆ ಕುಡಿದು ಹಳದಿಗಟ್ಟಿದ್ದವು. ಇದೊಂದು ಮಾತ್ರ ಈಗ ತಾನೇ ಒಗೆದು ಹರವಿದ ಬಟ್ಟೆಯ ಹಾಗೆ ಬೆಳ್ಳಗಿತ್ತು. ಹಳೆಯದನ್ನು ಕಿತ್ತುಹಾಕಿದವನು ತಂಡದ ಸಾಮಾನು ನೋಡಿಕೊಳ್ಳುವ ಮುದುಕ ವಾಲ್ಟರ್. ಅವನ ತಪ್ಪೇನಿಲ್ಲ. ಮುಂದಿನ ವರ್ಷಕ್ಕೆ ಯಾರ ಯಾರ ಅಳತೆಯ ಅಂಗಿ ತರಿಸಬೇಕು ಎಂದು ನಿನ್ನೆ ಕೇಳಲು ಬಂದವನಿಗೆ, ಕಂಪ್ಯೂಟರಿನಿಂದ ತಲೆ ಎತ್ತದೆಯೇ, ನೇಹಾ ಇರುವುದಿಲ್ಲ ಎಂದವಳು ಇವಳೇ. ಅವನು ಅಚ್ಚುಕಟ್ಟಿನ ಮನುಷ್ಯ. ಇರದವರ ಹೆಸರು ಗೋಡೆಯ ಮೇಲೆ ಯಾಕೆ ಎಂದು ಆ ಸಂಜೆಯೇ ಕಿತ್ತಿದ್ದಾನೆ. ಇರುವುದಿಲ್ಲ ಎನ್ನುವುದು ವಾಲ್ಟರನಿಗೆ ಗೊತ್ತು, ಇವಳಿಗೆ ಗೊತ್ತು, ಡಲ್ಲಾಸ್‌ನಿಂದ ಬರಲಿರುವ ಆ ಎತ್ತರದ ಹುಡುಗಿಗೂ ಗೊತ್ತು. ಗೊತ್ತಿಲ್ಲದವಳು ನೇಹಾ ಒಬ್ಬಳೇ. ಅವಳಿಗೆ ಇವತ್ತು ಹೇಳಬೇಕು.

ಹೇಳಬೇಕಾದ್ದು ದೊಡ್ಡದೇನಲ್ಲ. ಮುಂದಿನ ವರ್ಷ ನಿನಗೆ ಸ್ಕಾಲರ್‌ಶಿಪ್ ಇಲ್ಲ, ತಂಡದಲ್ಲಿ ಜಾಗವೂ ಇಲ್ಲ. ಸ್ಕಾಲರ್‌ಶಿಪ್ ಎನ್ನುವುದು ಒಂದೊಂದೇ ವರ್ಷದ ಮಾತು. ಹುಡುಗಿಯರ ಮನೆಗೆ ಹೋಗಿ ಕರೆತರುವಾಗ ಈ ಕಟ್ಟಳೆಯನ್ನು ಯಾವ ಕೋಚೂ ದೊಡ್ಡ ದನಿಯಲ್ಲಿ ಹೇಳುವುದಿಲ್ಲ, ಕಳಿಸುವಾಗ ಎಲ್ಲರೂ ಅದನ್ನೇ ಹೇಳುತ್ತಾರೆ. ಆಸ್ಟಿನ್ನಿನ ಈ ಸಣ್ಣ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಮುಖ್ಯ ಕೋಚಾಗಿ ಬಂದ ದಿನ ಪ್ರಗತಿ ತನಗೆ ತಾನೇ ಒಂದು ಆಣೆ ಹಾಕಿಕೊಂಡಿದ್ದಳು. ಯಾರನ್ನಾದರೂ ಕಳಿಸಬೇಕಾಗಿ ಬಂದರೆ ಅವಳು ಅದನ್ನು ಮೊದಲು ನನ್ನ ಬಾಯಿಂದಲೇ ಕೇಳಬೇಕು, ಗೋಡೆಯಿಂದಲ್ಲ. ಈಗ ಗೋಡೆಯ ಬಾಯನ್ನು ಮುಚ್ಚಲು ಬೆಳಿಗ್ಗೆ ಎದ್ದು ಕಳ್ಳಿಯ ಹಾಗೆ ಬಂದು ನಿಂತಿದ್ದಾಳೆ. ಅಂಟಿಸಿದ್ದನ್ನು ಕಿತ್ತು, ಬೆರಳಿನಿಂದ ಉಜ್ಜಿ, ಶೂವಿನ ಅಡಿಗೆ ತಿಕ್ಕಿ ಸ್ವಲ್ಪ ಕೊಳೆ ಮಾಡಿ ಮತ್ತೆ ಅಂಟಿಸಿದಳು. ಈಗ ಅದು ಕೊಳೆಯಾದ ಹೊಸ ಪಟ್ಟಿಯಾಗಿ ಕಂಡಿತು. ಸಾಕು, ಎರಡು ವರ್ಷದಿಂದ ನೋಡಿದ್ದನ್ನು ಯಾರು ಮತ್ತೆ ನೋಡುತ್ತಾರೆ ಎಂದುಕೊಂಡಳು.

ನೋಡುತ್ತಾರೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಡಲ್ಲಾಸ್‌ನಲ್ಲಿ ತಾನೇ ಆಟಗಾರ್ತಿಯಾಗಿದ್ದಾಗ, ಎರಡನೆಯ ಸೀಸನ್ನಿನ ಒಂದು ಬೆಳಿಗ್ಗೆ ಲಾಕರಿನ ಮೇಲೆ ತನ್ನ ಹೆಸರು ಇಲ್ಲದ್ದನ್ನು ಅವಳು ಬಾಗಿಲಿನಿಂದಲೇ ನೋಡಿದ್ದಳು. ಹೆಂಗಸರಿಗೂ ಒಂದು ವೃತ್ತಿಪರ ಲೀಗು ಎಂದು ಊರೆಲ್ಲ ಮಾತಾಡುತ್ತಿದ್ದ ಕಾಲ. ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಕೆಲಸ ಮಾಡುತ್ತಿದ್ದ ಅಪ್ಪ ಉದಯಶಂಕರ ಪೇಪರಿನಲ್ಲಿ ಬಂದಿದ್ದ ತಂಡದ ಫೋಟೊವನ್ನು ಕತ್ತರಿಸಿ ಆಫೀಸಿನ ಮೇಜಿಗೆ ಅಂಟಿಸಿಕೊಂಡಿದ್ದರು. ಅಮ್ಮ ನಳಿನಿ ಮಾತ್ರ ಕನ್ನಡ ಸಂಘದ ಊಟದಲ್ಲಿ ಯಾರಾದರೂ ಕೇಳಿದರೆ ‘ಸ್ಪೋರ್ಟ್ಸ್ ಲೈನಲ್ಲಿದಾಳೆ’ ಎನ್ನುತ್ತಿದ್ದರು, ಚಡ್ಡಿ ಹಾಕಿಕೊಂಡು ಓಡುತ್ತಾಳೆ ಎನ್ನುವುದನ್ನು ಹಾಗೆ ಹೇಳಿದರೆ ಅದಕ್ಕೆ ಸೀರೆ ಉಡಿಸಿದಂತಾಗುತ್ತದೆ ಎಂಬ ಭಾವದಲ್ಲಿ. ಆ ಬೆಳಿಗ್ಗೆ ಪ್ರಗತಿ ತನ್ನ ಹೆಸರು ಹಬೆಗೆ ಬಿಚ್ಚಿಕೊಂಡು ಬಿದ್ದಿರಬೇಕು ಎಂದುಕೊಂಡಳು. ಮೊಣಕಾಲೂರಿ ಬೆಂಚಿನ ಕೆಳಗೆಲ್ಲ ಹುಡುಕಿದಳು. ಪಕ್ಕದವಳ ಶೂ ಸರಿಸಿ ನೋಡಿದಳು. ಪಕ್ಕದವಳು ಕಾಲು ಎತ್ತಿಕೊಂಡಳು. ಕೊನೆಗೆ ಪಟ್ಟಿ, ಮಾರ್ಕರು ಕೇಳಿ ತೆಗೆದುಕೊಂಡು, ತಾನೇ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿ, ನಗುತ್ತಾ ಕೋರ್ಟಿಗೆ ಓಡಿದ್ದಳು. ಬೆವರು ಹರಿಯುವಷ್ಟು ಆಡಿದ ಮೇಲೆ ಕೋಚ್ ಲೊರೇನ್ ಸೀಟಿ ಊದಿ, ಹೆಗಲ ಮೇಲೆ ಕೈಯಿಟ್ಟು, ಹೊರಗೆ ಕರೆದುಕೊಂಡು ಹೋಗಿ, ಮೃದುವಾಗಿ ಹೇಳಿದ್ದಳು. ತೆಗೆದುಹಾಕಿದ್ದು ಅಷ್ಟೇನೂ ನೋಯಲಿಲ್ಲ. ಹನ್ನೊಂದು ಜನ ನೋಡುತ್ತಿರುವಾಗ ಮೊಣಕಾಲಿನ ಮೇಲೆ ತೆವಳಿ ತನ್ನ ಹೆಸರನ್ನು ಹುಡುಕಿದ್ದು ಈಗಲೂ ಹಲ್ಲುಜ್ಜುವಾಗ, ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿಕೊಂಡಿರುವಾಗ ಸುಮ್ಮನೆ ನೆನಪಿಗೆ ಬಂದು ಕಿವಿ ಬಿಸಿಯಾಗುತ್ತದೆ. ಸುದ್ದಿ ಕೇಳಿ ಅಮ್ಮ ‘ಸದ್ಯ’ ಎಂದಿದ್ದರು. ಅಷ್ಟೇ, ಒಂದೇ ಮಾತು.

ಆಮೇಲೆ ಹ್ಯೂಸ್ಟನ್ನಿನ ಕಾಲೇಜೊಂದರಲ್ಲಿ ಸಹಾಯಕ ಕೋಚು. ಅಲ್ಲಿಂದ ಇಲ್ಲಿಗೆ. ಇಲ್ಲಿ ಮೂರು ಸೀಸನ್ನಿನಲ್ಲಿ ಸೋತದ್ದೇ ಹೆಚ್ಚು. ಕ್ರೀಡಾ ವಿಭಾಗದ ಮುಖ್ಯಸ್ಥ ಬೈಯುವುದಿಲ್ಲ, ಕಾರಿಡಾರಿನಲ್ಲಿ ಸಿಕ್ಕಾಗ ‘ಎತ್ತರ ಸಾಲದು ಕೋಚ್, ಎತ್ತರ ಸಾಲದು’ ಎನ್ನುತ್ತಾನೆ. ಎತ್ತರವೇ ಹೆಚ್ಚಾಯಿತು ಎಂದು ಹುಟ್ಟಿದಾರಭ್ಯ ಅನ್ನಿಸಿಕೊಂಡು ಬೆಳೆದವಳಿಗೆ ಈ ಮಾತು ಕೇಳಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಅಂತೂ ಎತ್ತರದ ಹುಡುಗಿಯೊಬ್ಬಳು ಸಿಕ್ಕಿದ್ದಾಳೆ. ಅವಳಿಗೆ ಜಾಗ ಬೇಕು. ಯಾರದು ಎಂದು ಕೂತು ಯೋಚಿಸಿದಾಗ ಮೂವರ ಹೆಸರು ಬಂತು. ಟಾಷಾಳ ಆಟ ನೇಹಾಳದಕ್ಕಿಂತ ಕಳಪೆ. ಆದರೆ ಟಾಷಾಳ ತಾಯಿ ಮರುದಿನವೇ ವಕೀಲನನ್ನು ಕರೆದುಕೊಂಡು ಬರುವ ಗಟ್ಟಿಗಿತ್ತಿ. ಇನ್ನೊಬ್ಬಳಿಗೆ ಈ ಸ್ಕಾಲರ್‌ಶಿಪ್ ಹೋದರೆ ಓದೇ ನಿಲ್ಲುತ್ತದೆ. ನೇಹಾಳ ಅಪ್ಪ ಸಿದ್ಧಾರೂಢ ಹ್ಯೂಸ್ಟನ್ ಬಳಿಯ ಶುಗರ್ ಲ್ಯಾಂಡಿನಲ್ಲಿ ದೊಡ್ಡ ಮನೆ ಇಟ್ಟುಕೊಂಡು ಎಣ್ಣೆ ಕಂಪನಿಗಳಿಗೆ ಪೈಪು, ವಾಲ್ವು ಒದಗಿಸುವ ವ್ಯಾಪಾರಸ್ಥ. ಅವರಿಗೆ ಬರೀ ಅವಮಾನ, ಹೊಟ್ಟೆಪಾಡಿನ ಪ್ರಶ್ನೆಯಲ್ಲ. ಹೀಗೆ ತೂಗಿ ನೋಡಿ ನೇಹಾ ಎಂದು ತೀರ್ಮಾನಿಸಿದ್ದಳು. ನ್ಯಾಯವಾಗಿಯೇ ಕಾಣುತ್ತಿತ್ತು. ಆದರೆ ರಾತ್ರಿ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ನಿಜ ಬೇರೆಯೇ ಇತ್ತು, ಅದನ್ನು ನಾಲಿಗೆ ಮತ್ತೆ ಮತ್ತೆ ಹೋಗಿ ಮುಟ್ಟುತ್ತಿತ್ತು. ನಮ್ಮವರು ಗಲಾಟೆ ಮಾಡುವುದಿಲ್ಲ. ಯಾರಿಗೂ ದೂರು ಕೊಡುವುದಿಲ್ಲ, ಪೇಪರಿನವರಿಗೆ ಹೇಳುವುದಿಲ್ಲ. ನಾಲ್ಕು ಜನರ ಎದುರಿಗೆ ಬಂದರೂ ‘ಆರಾಮ್ರಿ?’ ಎಂದು ನಗುತ್ತಾರೆ. ಕೈಗೆ ಸಿಗುವವರನ್ನು ಬಿಟ್ಟು ಯಾರಾದರೂ ದೂರದವರನ್ನು ಹೊಡೆಯಲು ಹೋಗುತ್ತಾರೆಯೇ?

ಶುಗರ್ ಲ್ಯಾಂಡಿನ ಆ ಮನೆಗೆ ಅವಳು ಹೋಗಿದ್ದು ನೇಹಾ ಇನ್ನೂ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ. ಬೇಕಾದ ಹುಡುಗಿಯ ಮನೆಗೇ ಕೋಚು ಹೋಗಿ, ಅವರ ಸೋಫಾದಲ್ಲಿ ಕೂತು, ಅವರು ಕೊಟ್ಟದ್ದನ್ನು ತಿಂದು, ಅಪ್ಪ ಅಮ್ಮನ ಮನಸ್ಸು ಗೆಲ್ಲುವುದು ಈ ಕಸುಬಿನ ರೂಢಿ. ಹೆಣ್ಣು ನೋಡುವ ಶಾಸ್ತ್ರದಂತೆಯೇ. ಪ್ರಗತಿ ಕಾಲೇಜಿನ ಲಾಂಛನವಿದ್ದ ನೀಲಿ ಜಾಕೆಟ್ಟು ಹಾಕಿಕೊಂಡು ಹೋಗಿದ್ದಳು. ಸಿದ್ಧಾರೂಢರಿಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಸ್ವಚ್ಛವಾಗಿ ಹೇಳಿದಳು: ಎಷ್ಟು ಹೊತ್ತು ಆಡಿಸುತ್ತೇವೆ ಎಂದು ಮಾತು ಕೊಡಲಾಗದು, ಪ್ರತಿ ವರ್ಷ ಮತ್ತೆ ನೋಡುತ್ತೇವೆ, ಕಷ್ಟಪಟ್ಟವರಿಗೆ ಜಾಗ. ಅವರು ‘ಶುವರ್, ಶುವರ್’ ಎಂದು ತಲೆಯಾಡಿಸಿದರು. ಒಳಗಿನಿಂದ ಅವರ ತಾಯಿ ಕಮಲವ್ವ ಬಂದರು. ಗದಗಿನ ಕಡೆಯ ಮುದುಕಿ, ಹಣೆಗೆ ವಿಭೂತಿ. ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇಷ್ಟೆತ್ತರದ ಹೆಣ್ಣುಮಗಳನ್ನು ನೋಡಿದವರು ಸಾಮಾನ್ಯವಾಗಿ ಕೇಳುವ ಯಾವುದನ್ನೂ ಕೇಳದೆ, ‘ನಮ್ಮ ಮಾತು ತಿಳೀತದೇನವ್ವಾ ನಿನಗ?’ ಎಂದರು.

‘ನಾನು ಮೈಸೂರು ಕಡೆಯವಳು, ಅಜ್ಜಿ. ತಿಳಿಯುತ್ತೆ’ ಎಂದಳು ಪ್ರಗತಿ.

‘ಹಂಗಾರ ಇವನ ಕೂಡ ಇಂಗ್ಲಿಷ್ ಸಾಕು. ಇಲ್ಲಿ ಬಾ.’

ಹೊರಡುವ ಹೊತ್ತಿಗೆ ಮುದುಕಿ ದೇವರ ಮುಂದೆ ಮಣೆ ಹಾಕಿ ಕೂರಿಸಿ ಉಡಿ ತುಂಬಲು ನಿಂತರು. ಪ್ರಗತಿ ತಬ್ಬಿಬ್ಬಾದಳು. ಗಂಡ ಭಾಸ್ಕರನಿಂದ ವಿಚ್ಛೇದನವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ; ಸಂಘದ ಹೆಂಗಸರು ಕುಂಕುಮದ ಬಟ್ಟಲು ಹಿಡಿದು ಬರುವಾಗ ಇವಳ ಹತ್ತಿರ ಬಂದರೆ ಬಟ್ಟಲನ್ನು ಹಿಡಿಯುವುದೋ ಬಿಡುವುದೋ ಎಂದು ಅನುಮಾನಿಸುತ್ತಿದ್ದರು. ‘ನನಗೆ ಬೇಡ ಅಜ್ಜಿ, ನಾನು...’ ಎಂದಳು. ‘ಮನಿ ಮಗಳಿಗೆ ತುಂಬೂದು ಇದು. ಗಂಡನ ಲೆಕ್ಕ ಯಾಕ ಬೇಕು?’ ಎಂದರು ಕಮಲವ್ವ. ಸೆರಗಿಲ್ಲದ ಉಡಿ. ಜಾಕೆಟ್ಟಿನ ಅಂಚನ್ನೇ ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಕಾಲೇಜಿನ ಲಾಂಛನದ ಮೇಲೆ ಅಕ್ಕಿ, ಉತ್ತತ್ತಿ, ಅಡಿಕೆ, ಕೊಬ್ಬರಿ ಬಟ್ಟಲು, ಹಸಿರು ಖಣ ಬಿದ್ದವು. ‘ಹುಡುಗಿನ್ನ ನಿನ್ನ ಉಡ್ಯಾಗ ಹಾಕೀನಿ. ನಾಕು ವರ್ಷ ನೀನ ಅವ್ವ, ನೀನ ಅಪ್ಪ’ ಎಂದರು. ಉಡಿ ಭಾರವಾಗಿತ್ತು. ಯಾರೂ ಅವಳನ್ನು ಮನೆಮಗಳು ಎಂದು ಬಹಳ ದಿನ ಆಗಿತ್ತು. ‘ನಾಲ್ಕು ವರ್ಷವೂ ನಾನು ನೋಡ್ಕೋತೀನಿ ಅಜ್ಜಿ, ನೀವು ಯೋಚನೆ ಮಾಡ್ಬೇಡಿ’ ಎಂದುಬಿಟ್ಟಳು. ಒಂದು ಕೋಣೆಯಲ್ಲಿ ಇಂಗ್ಲಿಷಿನಲ್ಲಿ ಎಚ್ಚರದಿಂದ ಕೊಡದೆ ಉಳಿಸಿಕೊಂಡ ಮಾತನ್ನು ಇನ್ನೊಂದು ಕೋಣೆಯಲ್ಲಿ ಕನ್ನಡದಲ್ಲಿ ಕೊಟ್ಟಿದ್ದಳು. ಕನ್ನಡದಲ್ಲಿ ಹೇಳಿದ್ದು ಕಾಲೇಜಿಗೆ ಲೆಕ್ಕವಿಲ್ಲ ಎಂದು ಅವಳಿಗೆ ಆಗಲೇ ಒಳಗೊಳಗೆ ತಿಳಿದಿತ್ತೋ ಏನೋ. ನೇಹಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದಳು. ಅಕ್ಕಿಯನ್ನು ಜಾಕೆಟ್ಟಿನಲ್ಲೇ ಗಂಟು ಕಟ್ಟಿ, ಪಕ್ಕದ ಸೀಟಿನಲ್ಲಿಟ್ಟು, ಬೆಲ್ಟು ಹಾಕಿ ಆಸ್ಟಿನ್ನಿನವರೆಗೆ ತಂದಳು. ಆಟಗಾರ್ತಿಯ ಮನೆಯವರಿಂದ ಏನಾದರೂ ತೆಗೆದುಕೊಂಡೆಯಾ ಎಂದು ಕಾಲೇಜಿನಲ್ಲಿ ನಿಯಮ ನೋಡಿಕೊಳ್ಳುವವನು ಕೇಳಿದಾಗ ‘ಕಾಫಿ’ ಎಂದಳು. ಉಡಿಯ ಅಕ್ಕಿಯನ್ನು ಅನ್ನ ಮಾಡಿ ಉಣ್ಣಬೇಕು. ಅವಳು ಉಣ್ಣಲಿಲ್ಲ, ಡಬ್ಬಿಯಲ್ಲಿ ಹಾಕಿಟ್ಟಳು. ಮರುವರ್ಷ ಅದಕ್ಕೆ ಹುಳ ಬಿದ್ದಾಗ ಸಿಂಕಿನಲ್ಲಿ ಸುರಿದು ನೀರು ಬಿಟ್ಟಳು.

ಹುಡುಗಿಯರು ಒಬ್ಬೊಬ್ಬರಾಗಿ ಬಂದು ವಿಡಿಯೊ ಕೋಣೆಯಲ್ಲಿ ಕಾಲು ಚಾಚಿ ಕೂತರು. ಸೀಸನ್ನು ಮುಗಿದ ಸೋಮವಾರ ಕೊನೆಯ ಮ್ಯಾಚನ್ನು ಎಲ್ಲರೂ ಕೂತು ನೋಡಿ, ಆಮೇಲೆ ಒಬ್ಬೊಬ್ಬಳೇ ಕೋಚಿನ ಕೋಣೆಗೆ ಹೋಗಿ ಮಾತಾಡಿ ಹೊರಡುವುದು ಇಲ್ಲಿಯ ಪದ್ಧತಿ. ನೇಹಾ ಹಿಂದಿನ ಸಾಲಿನಲ್ಲಿ, ಯಾವಾಗಿನ ಹಾಗೆ ತುದಿಯ ಕುರ್ಚಿಯಲ್ಲಿ. ಲಾಕರಿನತ್ತ ನೋಡಿದಳೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ಪ್ರಗತಿ ಅವಳ ಕಡೆ ನೋಡದಿರಲು ಪ್ರಯತ್ನಪಟ್ಟು, ನೋಡದಿದ್ದುದು ಎದ್ದು ಕಾಣಬಹುದೆಂದು ಒಮ್ಮೆ ನೋಡಿದಳು. ನೇಹಾ ನಕ್ಕಳು. ಈ ಹುಡುಗಿಗೆ ಕನ್ನಡವೆಲ್ಲ ತಿಳಿಯುತ್ತದೆ. ಆದರೆ ಎರಡು ವರ್ಷದಲ್ಲಿ ಒಂದು ದಿನವೂ ಕನ್ನಡದಲ್ಲಿ ಮರುಮಾತು ಆಡಿದವಳಲ್ಲ. ‘ಊಟ ಆಯ್ತಾ?’ ಎಂದರೆ ‘ಐಮ್ ಗುಡ್, ಕೋಚ್’ ಎನ್ನುತ್ತಿದ್ದಳು. ಹೀಗಿರುವುದರಿಂದಲೇ ಇವತ್ತಿನ ಕೆಲಸ ಸುಲಭ ಎಂದುಕೊಂಡಿದ್ದಳು ಪ್ರಗತಿ. ಇಂಗ್ಲಿಷಿನಲ್ಲಿ ಹೇಳುವುದು, ಇಂಗ್ಲಿಷಿನಲ್ಲಿ ಕೇಳಿಸಿಕೊಳ್ಳುವುದು, ಮುಗಿಯಿತು.

ಹಳೆಯ ಟಿವಿ ಕೆಟ್ಟಿತ್ತೆಂದು ವಾಲ್ಟರ್ ಬೇರೆ ಕೋಣೆಯಿಂದ ಇನ್ನೊಂದನ್ನು ತಂದಿಟ್ಟಿದ್ದ. ಮ್ಯಾಚಿನ ವಿಡಿಯೊವನ್ನು ಪ್ರಗತಿ ಯಾವತ್ತೂ ಸದ್ದು ಬಂದ್ ಮಾಡಿಯೇ ಹಾಕುತ್ತಿದ್ದಳು. ಕ್ಯಾಮೆರಾ ಇರುವುದು ಪ್ರೇಕ್ಷಕರ ಸಾಲಿನ ತೀರಾ ಮೇಲೆ, ಗೋಡೆಗೆ ತಾಗಿ. ಅಕ್ಕಪಕ್ಕ ಕೂತವರು ಆಡಿದ್ದೆಲ್ಲ ಅದರೊಳಗೆ ಸೇರುತ್ತದೆ. ಮೊದಲ ವರ್ಷ ಮನೆಯಲ್ಲಿ ಒಬ್ಬಳೇ ಕೂತು ನೋಡುವಾಗ ಯಾವಳೋ ಒಬ್ಬಳ ತಂದೆ, ಈ ಉದ್ದನೆಯ ಇಂಡಿಯನ್ ಹೆಂಗಸನ್ನು ಯಾರು ತಂದು ಕಟ್ಟಿದರು ನಮಗೆ, ಎಂದು ನಗುತ್ತಾ ಕೇಳುವುದು ಕೇಳಿಸಿತ್ತು. ಅವತ್ತಿನಿಂದ ಮೂಕ ಚಿತ್ರವೇ. ಇವತ್ತು ಈ ಟಿವಿಯ ರಿಮೋಟು ಇರಲಿಲ್ಲ. ಸದ್ದು ಕಡಿಮೆ ಇರಬೇಕೆಂದು ಹಾಗೇ ಬಿಟ್ಟಳು. ಮೊದಲರ್ಧದಲ್ಲಿ ಬರೀ ಗದ್ದಲ, ಸೀಟಿ, ಶೂಗಳ ಕಿರುಚು ಇತ್ತು. ಪ್ರಗತಿ ಕೋಲಿನಿಂದ ತೆರೆಯ ಮೇಲೆ ತೋರಿಸುತ್ತಾ ಮಾತಾಡುತ್ತಿದ್ದಳು. ತನ್ನ ತಂಡದವಳು ಸೋತು ಹಿಂದೆ ಬಿದ್ದಾಗ ಪಕ್ಕದವಳು ಬಂದು ಅಡ್ಡ ನಿಲ್ಲಬೇಕು ಎನ್ನುವುದನ್ನು ಅವಳು ಇವರಿಗೆ ಸಾವಿರ ಸಲ ಹೇಳಿರಬೇಕು. ಅದನ್ನು ಕಲಿತವಳು ನೇಹಾ ಒಬ್ಬಳೇ. ಎದುರಾಳಿ ನುಗ್ಗಿ ಬರುವ ದಾರಿಯಲ್ಲಿ ಕಾಲೂರಿ ನಿಂತು, ಅಲುಗಾಡದೆ, ಎದೆಗೆ ಡಿಕ್ಕಿ ಹೊಡೆಸಿಕೊಂಡು ಅಂಗಾತ ಬೀಳುವುದು. ಬಿದ್ದರೆ ತಪ್ಪು ಎದುರಾಳಿಯದು, ಚೆಂಡು ನಮ್ಮದು. ಪೇಪರಿನ ಯಾವ ಅಂಕಿಯಲ್ಲೂ ಇದು ಬರುವುದಿಲ್ಲ. ತೆರೆಯ ಮೇಲೆ ಟಾಷಾ ಮೈಮರೆತು ನಿಂತಾಗ ಅವಳು ಬಿಟ್ಟ ಹುಡುಗಿಯ ಎದುರಿಗೆ ನೇಹಾ ಓಡಿಬಂದು ನಿಂತಳು, ಹೊಡೆಸಿಕೊಂಡಳು, ಬಿದ್ದು ನೆಲದ ಮೇಲೆ ಜಾರಿದಳು. ಆಗ ಟಿವಿಯೊಳಗಿನಿಂದ, ಕೋಣೆಯಲ್ಲೇ ಯಾರೋ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ, ಕಮಲವ್ವನ ದನಿ ಬಂತು.

‘ಯವ್ವಾ! ಬಿತ್ತಲ್ಲೋ ಕೂಸು!’

‘ಬೀಳೂದ ಆಟ ಅವ್ವಾ ಅದು’ ಎಂದು ಸಿದ್ಧಾರೂಢರ ದನಿ. ‘ಬಿದ್ದರ ಚೆಂಡು ನಮಗ.’

‘ಎಂಥಾ ಆಟೋ ಏನೋ. ಇರಲಿ, ಬಿದ್ದಾಕೀನ್ನ ಎತ್ತಾಕ ಪ್ರಗತಿ ಅದಾಳ. ಆಕಿ ಇರೂತನಾ ನನಗ ಚಿಂತಿಲ್ಲಪಾ. ಉಡಿ ತುಂಬಿಸ್ಕೊಂಡ ಹೆಣ್ಮಗಳು, ಮಾತು ಕೊಟ್ಟಾಳ.’

ಬೆನ್ನಿಗೆ ಗೋಡೆ ಬೇಕೆಂದು ಮುದುಕಿ ಕ್ಯಾಮೆರಾದ ಕಾಲಬುಡದಲ್ಲೇ ಕೂತಿರಬೇಕು. ಹುಡುಗಿಯರು ಗೊಳ್ಳೆಂದು ನಕ್ಕರು. ಹಗೆತನದ ನಗೆಯಲ್ಲ, ಗೊತ್ತಿಲ್ಲದ ಭಾಷೆ ಇದ್ದಕ್ಕಿದ್ದಂತೆ ಟಿವಿಯೊಳಗಿಂದ ಬಂದದ್ದಕ್ಕೆ ಬಂದ ನಗೆ. ಟಾಷಾ ಹಿಂದೆ ತಿರುಗಿ ನೇಹಾಳನ್ನೂ ಮುಂದೆ ತಿರುಗಿ ಪ್ರಗತಿಯನ್ನೂ ನೋಡಿ, ಇದು ನಿಮ್ಮ ಭಾಷೆಯಲ್ಲವಾ ಕೋಚ್, ಏನು ಹೇಳುತ್ತಿದ್ದಾಳೆ ಆ ಅಜ್ಜಿ, ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹನ್ನೆರಡು ಜೊತೆ ಕಣ್ಣುಗಳು ಅವಳ ಮೇಲೆ. ನಿಮ್ಮ ಕೋಚು ಒಳ್ಳೆಯವಳು ಅನ್ನುತ್ತಿದ್ದಾರೆ ಎಂದು ಹೇಳಬಹುದಿತ್ತು. ಅದನ್ನು ಹೇಳಿ ಅರ್ಧ ಗಂಟೆಯಲ್ಲಿ ಆ ಅಜ್ಜಿಯ ಮೊಮ್ಮಗಳನ್ನು ಕರೆದು ಹೊರಗೆ ಹಾಕುವುದು ಹೇಗೆ? ಪ್ರಗತಿಯ ಬಾಯಿ ತಾನೇ ತೆರೆದುಕೊಂಡಿತು. ‘ರೆಸ್ಟ್‌ರೂಮ್ ಎಲ್ಲಿದೆ ಅಂತ ಕೇಳುತ್ತಿದ್ದಾರೆ’ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಈ ಸಲ ನಗೆ ಇನ್ನೂ ದೊಡ್ಡದಾಗಿ ಎದ್ದಿತು. ಟಾಷಾ ಕಾಲು ನೆಲಕ್ಕೆ ಬಡಿದಳು. ನೇಹಾ ಕೂಡ ನಕ್ಕಳು, ಎಲ್ಲರಿಗಿಂತ ಸ್ವಲ್ಪ ತಡವಾಗಿ, ಮತ್ತು ಎಲ್ಲರಿಗಿಂತ ಬೇಗ ನಿಲ್ಲಿಸಿದಳು. ಪ್ರಗತಿ ಟಿವಿಯ ಹಿಂದೆ ಕೈ ಹಾಕಿ ಯಾವ ಗುಂಡಿ ಎಂದು ತಡಕಾಡಿ ಕೊನೆಗೆ ಸದ್ದು ನಿಲ್ಲಿಸಿದಳು. ಒಬ್ಬ ಮುದುಕಿಯ ನಂಬಿಕೆಯನ್ನು ಹನ್ನೆರಡು ಹುಡುಗಿಯರ ಮುಂದೆ ಮೂತ್ರದ ಮಾತು ಮಾಡಿದೆನಲ್ಲ ಎಂದು ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಅಸಹ್ಯದ ಜೊತೆಗೆ, ಆ ಮುದುಕಿ ಬಾಯಿ ಮುಚ್ಚಿಕೊಂಡು ಕೂರಬಾರದಿತ್ತೇ ಎಂಬ ಸಿಟ್ಟೂ.

ಒಬ್ಬೊಬ್ಬಳೇ ಬಂದು ಹೋದರು. ಟಾಷಾ ಬೇಸಿಗೆಯಲ್ಲಿ ತೂಕ ಇಳಿಸುತ್ತೇನೆಂದು ಮಾತು ಕೊಟ್ಟು, ಅಪ್ಪಿಕೊಂಡು, ರೆಸ್ಟ್‌ರೂಮ್ ಜೋಕನ್ನು ಮತ್ತೆ ಹೇಳಿ ನಗುತ್ತಾ ಹೋದಳು. ನೇಹಾಳನ್ನು ಕೊನೆಗೆ ಉಳಿಸಿಕೊಂಡಿದ್ದಳು ಪ್ರಗತಿ, ಅವಳು ಅಳುತ್ತಾ ಹೊರಗೆ ಹೋದರೆ ಉಳಿದವರು ನೋಡಬಾರದು ಎಂಬ ದೊಡ್ಡತನದಿಂದ. ಕನಿಷ್ಠ ಇದೊಂದನ್ನಾದರೂ ಲೊರೇನ್‌ಗಿಂತ ಚೆನ್ನಾಗಿ ಮಾಡುತ್ತಿದ್ದೇನೆ ಎಂದುಕೊಂಡಳು. ಆ ಯೋಚನೆ ಬಂದದ್ದಕ್ಕೆ ನಾಚಿಕೆಯಾಯಿತು. ನೇಹಾ ಒಳಗೆ ಬಂದು ಕೂರಲಿಲ್ಲ. ಹೆಗಲ ಮೇಲೆ ಬ್ಯಾಗು, ಅದರ ಬಾಯಿ ತುಂಬಿ ಶೂ, ಟವೆಲ್ಲು, ಶಾಂಪೂ ಬಾಟಲಿ ಕಾಣುತ್ತಿದ್ದವು. ಲಾಕರನ್ನು ಆಗಲೇ ಖಾಲಿ ಮಾಡಿದ್ದಳು.

‘ಕೂತ್ಕೋ ನೇಹಾ’ ಎಂದಳು ಪ್ರಗತಿ. ಆಮೇಲೆ ಕಲಿತಿಟ್ಟುಕೊಂಡಿದ್ದ ಇಂಗ್ಲಿಷಿನಲ್ಲಿ, ‘ಇದು ನಿನ್ನ ಆಟದ ಬಗ್ಗೆ ಅಲ್ಲ, ತಂಡಕ್ಕೆ ಈಗ ಬೇಕಾದ...’ ಎಂದು ಶುರುಮಾಡಿದಳು.

‘ನನ್ನ ಹೆಸರು ಹೊಸಾದು ಇತ್ತು’ ಎಂದಳು ನೇಹಾ.

ಕನ್ನಡದಲ್ಲಿ ಎಂದಳು. ಪ್ರಗತಿಗೆ ಒಂದು ಕ್ಷಣ ಯಾರು ಮಾತಾಡಿದ್ದು ಎಂದೇ ತಿಳಿಯಲಿಲ್ಲ. ಎರಡು ವರ್ಷದಿಂದ ಕೇಳಿದ ದನಿಯಲ್ಲ ಅದು, ಕಮಲವ್ವನ ದನಿಯನ್ನು ಯಾರೋ ತೆಳ್ಳಗೆ ಮಾಡಿದ ಹಾಗಿತ್ತು. ‘ಮುಂಜಾನೆ ನೋಡಿದೆ. ಡೌಟ್ ಬಂತು. ಆಮ್ಯಾಲೆ ನೀವು ರೆಸ್ಟ್‌ರೂಮ್ ಅಂದ್ರಿ. ಆಗ ಗೊತ್ತಾತು.’ ಪದ ಹುಡುಕಿ ಹುಡುಕಿ ಇಡುತ್ತಿದ್ದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಪ್ರಗತಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

‘ಐ ಆಮ್ ಸಾರಿ, ನೇಹಾ. ನಿಜವಾಗ್ಲೂ. ನಾನು ಹಾಗೆ ಹೇಳಬಾರದಿತ್ತು. ಆ ಹೊತ್ತಲ್ಲಿ...’

‘ಯಾವುದು? ನಾಕು ವರ್ಷ ಅಂದಿದ್ದಾ, ರೆಸ್ಟ್‌ರೂಮ್ ಅಂದಿದ್ದಾ?’

ಎರಡರಲ್ಲಿ ಯಾವುದಕ್ಕೆ ಹೆಚ್ಚು ನೊಂದುಕೊಳ್ಳಬೇಕೆಂದು ಪ್ರಗತಿಗೇ ಗೊತ್ತಿರಲಿಲ್ಲ.

‘ಅಪ್ಪಗ ನಾ ಹೇಳ್ತೀನಿ’ ಎಂದಳು ನೇಹಾ. ‘ಅಜ್ಜಿಗೆ ನೀವ ಹೇಳ್ರಿ. ಅವ್ರು ನಿಮ್ಮ ಕಡೆಯಿಂದ ಮಾತು ತಗೊಂಡಾರ, ನನ್ನ ಕಡೆಯಿಂದ ಅಲ್ಲ.’ ಹೀಗೆಂದು ಫೋನು ತೆಗೆದು, ಒತ್ತಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಇವಳ ಮುಂದೆ ಇಟ್ಟಳು. ನ್ಯಾಯವಾದ ಬೇಡಿಕೆ. ಇಷ್ಟು ನ್ಯಾಯವಾಗಿ ಈ ಕೋಣೆಯಲ್ಲಿ ಯಾರೂ ಏನನ್ನೂ ಕೇಳಿರಲಿಲ್ಲ. ಫೋನು ರಿಂಗಾಗುತ್ತಿರುವಾಗ ಪ್ರಗತಿ ಮನಸ್ಸಿನಲ್ಲಿ ವಾಕ್ಯವನ್ನು ಜೋಡಿಸಿಕೊಂಡಳು. ಅಜ್ಜಿ, ನಾನು ಮಾತಿಗೆ ತಪ್ಪಿದೆ. ಐದಾರು ಶಬ್ದ ಕೂಡ ಇಲ್ಲ. ಹೇಳಿಬಿಟ್ಟರೆ ಮುಗಿಯಿತು. ಹೇಳಿಬಿಡುತ್ತೇನೆ ಎಂದು ನಿಜವಾಗಿಯೂ ಅಂದುಕೊಂಡಳು.

‘ಯಾರದು, ನೇಹಾನಾ?’

‘ಅಜ್ಜಿ, ನಾನು ಪ್ರಗತಿ.’

‘ಯವ್ವಾ, ನೀನಾ! ನೂರು ವರ್ಷ ಆಯುಷ್ಯ ನಿನಗ. ಈಗರೆ ಸೊಸಿ ಮುಂದ ನಿನ್ನ ಸುದ್ದಿನ ಹೇಳಾಕತ್ತಿದ್ದೆ. ರೊಟ್ಟಿಗೆ ಹಚ್ಕೊಳ್ಳಾಕ ಶೇಂಗಾ ಹಿಂಡಿ ಕುಟ್ಟಿಸೀನಿ ನಿನಗಂತ, ಆ ಹುಡುಗಿ ಕೈಯಾಗ ಕಳಿಸ್ತೀನಿ. ಸೋತ್ರಿ, ಇರಲಿ ಬಿಡು, ಮನಸಿಗೆ ಹಚ್ಕೋಬ್ಯಾಡ. ನೀ ಸೊರಗೀದಿ ನೋಡು, ಅವತ್ತು ನಾ ಮ್ಯಾಲಿಂದ ನೋಡಿದೆ.’

‘ಅಜ್ಜಿ’ ಎಂದಳು ಪ್ರಗತಿ. ಅವಳು ಸೊರಗಿದ್ದನ್ನು ಈ ಊರಿನಲ್ಲಿ ಯಾರೂ ನೋಡಿರಲಿಲ್ಲ. ಈ ದನಿ ಇನ್ನು ಮೇಲೆ ಹೀಗೆ ಮಾತಾಡುವುದಿಲ್ಲ ಎಂದು ಹೊಳೆದದ್ದೇ ತಡ, ಏನೋ ಕೈಬಿಟ್ಟ ಹಾಗಾಯಿತು. ‘ಅಜ್ಜಿ, ನೇಹಾ ಮುಂದಿನ ವರ್ಷ ಆಡಲ್ಲ. ಅವಳಿಗೆ... ಓದಿನ ಕಡೆ ಗಮನ ಕೊಡಬೇಕಂತೆ.’

ಹೇಳಿದ ಮೇಲೆ ತಲೆಯೆತ್ತಲಾಗಲಿಲ್ಲ. ಮೇಜಿನ ಆಚೆ ನೇಹಾಳ ಶೂಗಳು ಕಾಣುತ್ತಿದ್ದವು. ಅವು ಅಲುಗಾಡಲಿಲ್ಲ.

‘ಆಕೀನ ಬಿಟ್ಲಾ?’ ಎಂದರು ಕಮಲವ್ವ. ದನಿ ಇಳಿದಿತ್ತು. ‘ನೀ ಇಷ್ಟು ಮಾಡಿದಿ ಆಕಿ ಸಲುವಾಗಿ. ಹಿಂಗ ಮಾಡೂದಾ ಆಕಿ ನಿನಗ? ನಮ್ಮ ಮನಿತನದಾಗ ಯಾರೂ ಹಿಂಗ ಅರ್ಧಕ್ಕ ಕೈ ಬಿಟ್ಟವರಲ್ಲವ್ವಾ. ನನಗ ನಾಚಿಕಿ ಬರ್ತದ ನಿನ್ನ ಕೂಡ ಮಾತಾಡಾಕ. ನೀ ತಪ್ಪು ತಿಳ್ಕೋಬ್ಯಾಡ ತಂಗಿ. ಎಲ್ಲದಾಳ ಆಕಿ? ಫೋನ್ ಕೊಡು.’

ಪ್ರಗತಿಯ ಕೈ ಫೋನಿನ ಕಡೆ ಹೋಗಲಿಲ್ಲ. ಈಗಲೂ ಹೇಳಬಹುದಿತ್ತು. ನೇಹಾ ಬಾಯಿ ತೆರೆದರೆ ಎಲ್ಲವೂ ಬಯಲಾಗುತ್ತದೆ, ಆಗಲಿ, ಆದರೆ ಒಳ್ಳೆಯದೇ ಎಂದು ಕಾದಳು. ಕಾಯುತ್ತಾ, ಆಗದಿರಲಿ ಎಂದೂ ಹಾರೈಸಿದಳು. ನೇಹಾ ಫೋನನ್ನು ಎತ್ತಿಕೊಂಡು ಸ್ಪೀಕರನ್ನು ಆರಿಸಿ ಕಿವಿಗಿಟ್ಟಳು. ಎರಡೂ ಕಾಲೂರಿ ನೆಟ್ಟಗೆ ನಿಂತಿದ್ದಳು.

‘ಹೂಂ ಅಜ್ಜಿ’ ಎಂದಳು. ‘ನಾನ ಬಿಟ್ಟೆ.’

ಆಚೆಯಿಂದ ಮುದುಕಿ ಬೈಯುತ್ತಿದ್ದುದು ಶಬ್ದವಾಗಿ ಮಾತ್ರ ಕೇಳುತ್ತಿತ್ತು. ಬಹಳ ಹೊತ್ತು ಬೈದರು. ನೇಹಾ ನಡುನಡುವೆ ‘ಹೂಂ’ ಎನ್ನುತ್ತಿದ್ದಳು. ಒಮ್ಮೆ ‘ತಪ್ಪಾತು ಅಜ್ಜಿ’ ಎಂದಳು. ಇನ್ನೊಮ್ಮೆ ‘ಕೇಳ್ತೀನಿ’ ಎಂದಳು. ಪ್ರಗತಿ ಮೇಜಿನ ಮೇಲಿನ ಮಾರ್ಕರಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದಳು. ತಾನೇ ಈ ಹುಡುಗಿಗೆ ಕಲಿಸಿದ್ದಳು, ನಿನ್ನವಳು ಸೋತು ನಿಂತಾಗ ನೀನು ಹೋಗಿ ಹೊಡೆಸಿಕೋ ಎಂದು. ಕಲಿಸುವಾಗ ತನ್ನನ್ನು ಕೋರ್ಟಿನ ಹೊರಗೆ ಇಟ್ಟುಕೊಂಡಿದ್ದಳು.

ನೇಹಾ ಫೋನು ಮಡಿಸಿ ಜೇಬಿಗಿಟ್ಟು ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದಳು.

‘ನೇಹಾ, ಕೇಳು’ ಎಂದಳು ಪ್ರಗತಿ. ‘ನಾನು ಆಮೇಲೆ ಅಜ್ಜಿಗೆ ಫೋನ್ ಮಾಡಿ ನಿಜ ಹೇಳ್ತೀನಿ. ನಾನು ಖಂಡಿತ...’

‘ಐಮ್ ಗುಡ್, ಕೋಚ್.’

ಬಾಗಿಲವರೆಗೆ ಹೋದವಳು, ಹೇಳಲೋ ಬೇಡವೋ ಎಂಬಂತೆ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಳು.

‘ಅಜ್ಜಿ ಭಾಳ ಬ್ಯಾಸರಾ ಮಾಡ್ಕೊಂಡಾರ, ನನ್ನಿಂದ ನಿಮಗ ಹಿಂಗಾತಂತ. ಉಗಾದಿಗೆ ನಿಮ್ಮನ್ನ ಊಟಕ್ಕ ಕರೀ ಅಂದ್ರು. ಮತ್ತ ಉಡಿ ತುಂಬ್ತಾರಂತ.’ ಸ್ವಲ್ಪ ತಡೆದು, ಮುಂದಿನ ಶಬ್ದವನ್ನು ಸರಿಯಾಗಿ ಹುಡುಕಿಕೊಂಡು, ಅಜ್ಜಿಗೆ ಮಾತಾಡುವಷ್ಟೇ ಮರ್ಯಾದೆಯಿಂದ ಹೇಳಿದಳು. ‘ಬರಬ್ಯಾಡ್ರಿ.’

ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಪ್ರಗತಿ ಮಾರ್ಕರಿನ ಮುಚ್ಚಳ ಹಾಕಿ ಕೂತಳು. ಡಲ್ಲಾಸ್‌ನಲ್ಲಿ ಕೂಡ ಅವಳನ್ನು ಯಾರೂ ಇಷ್ಟು ಮರ್ಯಾದೆಯಿಂದ ತಂಡದಿಂದ ತೆಗೆದಿರಲಿಲ್ಲ.